ಮಳೆಗೆ ಕಟ್ಟಿದ ವ್ಯಾನು ಮರಳುಗಾಡಿಗೆ ಹೋದರೆ: ಕೊಡಗಿನ ಬಾಡಿಗೆ ಕ್ಯಾಂಪರ್ ಮತ್ತು ಎಕ್ಸ್‌ಪಲ್ಸ್ ಜೋಡಿಯ ವಿಮರ್ಶೆ

ಕುಶಾಲನಗರದ ಕಡೆ ಬಾಡಿಗೆಗೆ ಸಿಗುವ ಟ್ರಾವೆಲರ್ ಕ್ಯಾಂಪರ್ ವ್ಯಾನು, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ; ಅದರ ಬೆನ್ನಿಗೆ ಕಟ್ಟಿದ ಒಂದು ಬೈಕು, ಹೀರೋ ಎಕ್ಸ್‌ಪಲ್ಸ್ 200 4ವಿ. ಈ ಜೋಡಿಯನ್ನು ಕರೆದುಕೊಂಡು ಹೋಗಿ ಜೈಸಲ್ಮೇರ್ ಕಡೆಯ ಮರಳುಗಾಡಿನಲ್ಲಿ ಚಳಿಗಾಲದ ಒಂದು ತಿಂಗಳು ಇರಬಹುದೇ ಎಂದು ಕೇಳುವವರಿಗೆ ನಮ್ಮ ಉತ್ತರ: ಖಂಡಿತ ಇರಬಹುದು. ವ್ಯಾನು ಚೆನ್ನಾಗಿದೆ, ಬೈಕು ಇನ್ನೂ ಚೆನ್ನಾಗಿದೆ. ಆದರೆ ಎರಡನ್ನೂ ಸಿದ್ಧಮಾಡಿರುವುದು ಕೊಡಗಿನ ಮಳೆ ಮತ್ತು ಕೆಸರನ್ನು ಮನಸ್ಸಿನಲ್ಲಿಟ್ಟುಕೊಂಡು. ನೀರು ಒಳಗೆ ಬಾರದಂತೆ ಮಾಡಿದ ಗಾಡಿ ಧೂಳನ್ನು ತಡೆಯುವುದಿಲ್ಲ. ಕೆಸರಿಗೆ ಒಗ್ಗಿದ ಬೈಕಿನ ಆರೈಕೆ ಮರಳಿನಲ್ಲಿ ಬೈಕನ್ನೇ ತಿನ್ನುತ್ತದೆ. ಹೊರಡುವ ಮೊದಲು ಎರಡು ದಿನ ಕೆಲಸ ಮಾಡಿಸಿದರೆ ಈ ಜೋಡಿಗೆ ಸಾಟಿಯಾದದ್ದು ಈ ಬೆಲೆಯಲ್ಲಿ ಇಲ್ಲ. ಮಾಡಿಸದೆ ಹೋದರೆ ಮೊದಲ ವಾರದಲ್ಲೇ ಹಾಸಿಗೆ, ಫ್ರಿಜ್ಜು, ಚೈನು ಮೂರೂ ಕೈಕೊಡುತ್ತವೆ.

ಮೊದಲು ಕಾಲದ ಮಾತು, ಯಾಕೆಂದರೆ ತೋಟ ಇರುವವರಿಗೆ ಅದೇ ದೊಡ್ಡ ತೊಡಕು. ರೊಬಸ್ಟಾ ಕಾಫಿ ಮಾತ್ರ ಇರುವವರಿಗೆ ಹುತ್ತರಿ ಹಬ್ಬ ಕಳೆದ ಮೇಲೆ ಜನವರಿ ನಡುವಿನ ತನಕ ಒಂದಷ್ಟು ಬಿಡುವು ಸಿಗುತ್ತದೆ. ಅರೇಬಿಕಾದವರಿಗೆ ಅದೇ ಕೊಯ್ಲಿನ ಹೊತ್ತು, ಕಣ ಬಿಟ್ಟು ಹೋಗುವಂತಿಲ್ಲ. ಅವರು ಜನವರಿ ಕೊನೆಯಲ್ಲಿ ಹೊರಟು ಫೆಬ್ರವರಿ ನಡುವಿಗೆ ವಾಪಸಾಗುವುದು ಒಳ್ಳೆಯದು. ಅದರ ನಂತರ ಅಲ್ಲಿ ಬಿಸಿಲು ಏರುತ್ತದೆ, ಇಲ್ಲಿ ಹೂ ಅರಳಿಸಲು ಸ್ಪ್ರಿಂಕ್ಲರ್ ಎಳೆಯುವ ಕೆಲಸ ಶುರುವಾಗುತ್ತದೆ. ಮಡಿಕೇರಿಯಿಂದ ಹುಬ್ಬಳ್ಳಿ, ಪುಣೆ, ಅಹಮದಾಬಾದ್, ಬಾಡಮೇರ್ ದಾರಿಯಾಗಿ ಜೈಸಲ್ಮೇರ್ ಸುಮಾರು 2,000 ಕಿ.ಮೀ. ತುಂಬಿದ ವ್ಯಾನಿನಲ್ಲಿ ದಿನಕ್ಕೆ 500 ಕಿ.ಮೀ.ಗಿಂತ ಹೆಚ್ಚು ಓಡಿಸುವುದು ಬೇಡ. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ ಎಂದು ಲೆಕ್ಕ ಹಾಕಿ. ಡೀಸೆಲ್ ಲೀಟರಿಗೆ 8ರಿಂದ 10 ಕಿ.ಮೀ. ಕೊಡುತ್ತದೆ.

ವ್ಯಾನಿನೊಳಗೆ ಇರುವುದು ಇಷ್ಟು. ಎತ್ತರ ಛಾವಣಿಯ ಟ್ರಾವೆಲರ್. ಹಿಂಬದಿಯಲ್ಲಿ ಅಡ್ಡಲಾಗಿ ಇಬ್ಬರ ಮಂಚ, ನಡುವೆ ಅಡುಗೆ ಕಟ್ಟೆ, ಮುಂದೆ ಮೇಜು ಮತ್ತು ಬೆಂಚು. 12 ವೋಲ್ಟಿನ 200 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಮೇಲೆ 400 ವ್ಯಾಟ್ ಸೋಲಾರ್, 120 ಲೀಟರ್ ನೀರಿನ ಟ್ಯಾಂಕ್, ಕೊಳೆನೀರಿಗೆ 60 ಲೀಟರ್, ಹೊರಗೆ ಎಳೆದು ಖಾಲಿ ಮಾಡುವ ಕ್ಯಾಸೆಟ್ ಟಾಯ್ಲೆಟ್, 50 ಲೀಟರಿನ ಕಂಪ್ರೆಸರ್ ಫ್ರಿಜ್ಜು, ಎರಡು ಒಲೆಯ ಗ್ಯಾಸ್. ನಾಲ್ಕು ಜನ ಮಲಗಬಹುದು ಎಂದು ಹೇಳಿ ಕೊಡುತ್ತಾರೆ. ಒಂದು ತಿಂಗಳಿಗೆ ಇದು ಇಬ್ಬರ ಗಾಡಿ. ನೀರು, ಟಾಯ್ಲೆಟ್, ತೂಕ ಮೂರೂ ಮೂರನೆಯವರನ್ನು ಒಪ್ಪುವುದಿಲ್ಲ.

ಕಟ್ಟಿದ ಕೈ ಒಳ್ಳೆಯದು ಎಂಬುದನ್ನು ಮೊದಲೇ ಹೇಳಬೇಕು. ಕಪಾಟುಗಳಿಗೆ ಮರೈನ್ ಪ್ಲೈ, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಕ್ರೂ, ಗೋಡೆಗೆ ಗ್ಲಾಸ್ ವೂಲ್ ಬದಲು ನೈಟ್ರೈಲ್ ಫೋಮ್. ಗ್ಲಾಸ್ ವೂಲ್ ತೇವ ಹೀರಿ ಕೂತುಬಿಡುತ್ತದೆ, ಹಿಂದಿನ ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ನೈಟ್ರೈಲ್ ಫೋಮಿನ ಗುಳ್ಳೆಗಳು ಮುಚ್ಚಿದವು, ತೇವ ಒಳಗೆ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ, ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಗಾಡಿ ಕಟ್ಟುವವರಿಗೆ ಇದು ಗೊತ್ತಿರುತ್ತದೆ. ಬೇರೆ ಊರುಗಳಲ್ಲಿ ಕಟ್ಟಿದ ಎಷ್ಟೋ ಕ್ಯಾಂಪರ್‌ಗಳಲ್ಲಿ ಈ ಕಾಳಜಿ ಕಾಣುವುದಿಲ್ಲ.

ಧೂಳು

ತೊಂದರೆ ಶುರುವಾಗುವುದು ಹಿಂಬಾಗಿಲಿನಿಂದ. ಡಬ್ಬದ ಆಕಾರದ ಗಾಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಚಕ್ರ ಎಬ್ಬಿಸಿದ ಧೂಳು ಅಲ್ಲೇ ಸುತ್ತುತ್ತದೆ, ಬಾಗಿಲಿನ ಸಂದಿ ಸಿಕ್ಕಿದರೆ ಒಳಗೆ ನುಗ್ಗುತ್ತದೆ. ಮಳೆನೀರು ಮೇಲಿನಿಂದ ಕೆಳಗೆ ಇಳಿಯುವುದರಿಂದ ವರ್ಕ್‌ಶಾಪಿನವರು ಬಾಗಿಲಿನ ಮೇಲ್ಭಾಗ ಮತ್ತು ಎರಡು ಪಕ್ಕಕ್ಕೆ ಒಳ್ಳೆಯ ಬೀಡಿಂಗ್ ಹಾಕಿ, ಕೆಳಗಡೆ ನೀರು ಹರಿದುಹೋಗಲಿ ಎಂದು ಸಂದಿ ಬಿಟ್ಟಿರುತ್ತಾರೆ. ಮಳೆಗೆ ಅದು ಸರಿಯಾದ ಕೆಲಸ. ಮರಳುಗಾಡಿನಲ್ಲಿ ಧೂಳು ಬರುವುದು ಅದೇ ಕೆಳಗಿನ ಸಂದಿಯಿಂದ, ನೇರವಾಗಿ ಮಂಚದ ಕೆಳಗೆ.

ಪರಿಹಾರ ಕಷ್ಟದ್ದಲ್ಲ. ಹಿಂಬಾಗಿಲಿನ ಕೆಳ ಅಂಚಿಗೆ ಒಳಗೆ ಟೊಳ್ಳಿರುವ, ಇಂಗ್ಲಿಷ್ ಡಿ ಅಕ್ಷರದ ಆಕಾರದ ರಬ್ಬರ್ ಬೀಡಿಂಗ್ ಅಂಟಿಸಿ. ಬಾಗಿಲು ಹಾಕಿದಾಗ ಅದು ಅರ್ಧಕ್ಕೆ ಅಮುಕಬೇಕು, ಪೂರ್ತಿ ಅಮುಕಿದರೆ ಬಾಗಿಲಿನ ಲಾಕ್ ಬಳಲುತ್ತದೆ. ಪರೀಕ್ಷೆ ಸುಲಭ: ಬಾಗಿಲಿನ ನಡುವೆ ಒಂದು ಕಾಗದ ಇಟ್ಟು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿ ಧೂಳು ಬರುತ್ತದೆ. ನೆಲದಲ್ಲಿ ವೈರು, ಪೈಪು ಹೋಗಲು ಕೊರೆದ ತೂತುಗಳನ್ನೂ ಹುಡುಕಿ ಸೀಲಂಟ್ ತುಂಬಿಸಿ. ಕಾರ್ಖಾನೆಯಿಂದ ಬಂದ ರಬ್ಬರ್ ಬಿರಡೆಗಳಲ್ಲಿ ಕೆಲವು ಕಳಚಿರುವುದು ಸಾಮಾನ್ಯ. ಮಣ್ಣಿನ ದಾರಿಯಲ್ಲಿ ಓಡಿಸುವಾಗ ಡ್ಯಾಶ್‌ಬೋರ್ಡಿನ ಬ್ಲೋವರನ್ನು ಹೊರಗಿನ ಗಾಳಿಗೆ ಇಟ್ಟು, ಮಧ್ಯಮ ವೇಗದಲ್ಲಿ ಓಡಿಸಿ, ಕಿಟಕಿಗಳನ್ನೆಲ್ಲ ಮುಚ್ಚಿ. ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಹೆಚ್ಚಿದ್ದರೆ ಧೂಳಿಗೆ ಒಳಬರುವ ದಾರಿ ಇಲ್ಲ. ಬ್ಲೋವರಿನ ಫಿಲ್ಟರ್ ಮಾತ್ರ ವಾರಕ್ಕೊಮ್ಮೆ ಕೊಡವಬೇಕು.

ಒಂದು ಸಂದಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ: ಗ್ಯಾಸ್ ಸಿಲಿಂಡರಿನ ಗೂಡಿನ ನೆಲದಲ್ಲಿರುವ ತೂತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗಿಳಿದು ಆ ತೂತಿನಿಂದಲೇ ಹೊರಹೋಗಬೇಕು. ಧೂಳು ಬರುತ್ತದೆಂದು ಅದಕ್ಕೆ ಬಟ್ಟೆ ತುರುಕಿದ ವ್ಯಾನುಗಳಿವೆ, ನೋಡಿದರೆ ಎದೆ ನಡುಗುತ್ತದೆ. ಮುಚ್ಚಬೇಕಾದದ್ದು ಗೂಡಿಗೂ ವ್ಯಾನಿನ ಒಳಕ್ಕೂ ನಡುವಿನ ಗೋಡೆಯ ಸಂದಿಗಳನ್ನು.

ಫ್ರಿಜ್ಜಿನ ಕಂಪ್ರೆಸರ್ ಗಾಳಿ ಎಳೆಯುವ ಜಾಲರಿಯೂ ಈ ವ್ಯಾನಿನಲ್ಲಿ ನೆಲದ ಹತ್ತಿರ ಇದೆ. ನಾಲ್ಕೈದು ದಿನಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಉಜ್ಜದಿದ್ದರೆ ಬಿಸಿ ಹೊರಹೋಗದೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

ರಾತ್ರಿಯ ಚಳಿ, ಒಳಗಿನ ತೇವ

ಜೈಸಲ್ಮೇರಿನಲ್ಲಿ ಡಿಸೆಂಬರ್ ಮತ್ತು ಜನವರಿಯ ಹಗಲು 23–25 ಡಿಗ್ರಿ, ರಾತ್ರಿ 7–8 ಡಿಗ್ರಿ, ಕೆಲವು ರಾತ್ರಿ ಅದಕ್ಕೂ ಕಡಿಮೆ. ಮಡಿಕೇರಿಯ ಚಳಿಗಿಂತ ಇದು ಬೇರೆ. ಹಗಲಿಗೂ ರಾತ್ರಿಗೂ ನಡುವಿನ ಅಂತರವೇ ದೊಡ್ಡದು. ಮರಳುಗಾಡು ಒಣಗಿದ್ದು, ಒಳಗೆ ತೇವ ಆಗುವುದಿಲ್ಲ ಎಂದುಕೊಳ್ಳಬೇಡಿ. ಇಬ್ಬರು ಮಲಗಿದರೆ ಉಸಿರಿನಿಂದಲೇ ರಾತ್ರಿಗೆ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ಅದರ ಮೇಲೆ ಸಂಜೆ ಕಡಂಬುಟ್ಟು, ನೂಪುಟ್ಟು ಎಂದು ಹಬೆಯ ಅಡುಗೆ ಮಾಡಿದರೆ ಕಿಟಕಿ, ತಗಡಿನ ಪಟ್ಟಿಗಳ ಮೇಲೆಲ್ಲ ಹನಿ ಕಟ್ಟಿ ಬೆಳಿಗ್ಗೆ ಹಾಸಿಗೆ ಒದ್ದೆ. ಹಬೆಯ ಅಡುಗೆಯನ್ನು ಹಗಲಲ್ಲಿ, ಬಾಗಿಲು ತೆರೆದು ಮಾಡಿ. ರಾತ್ರಿ ಛಾವಣಿಯ ಫ್ಯಾನಿನ ಮುಚ್ಚಳವನ್ನು ಎರಡು ಬೆರಳು ತೆರೆದಿಡಿ. ಚಳಿಗೆ ದಪ್ಪ ರಜಾಯಿ ಸಾಕು. ಕೆಂಡದ ಬಾಣಲೆ ಒಳಗೆ ಇಡುವುದು, ಗ್ಯಾಸ್ ಒಲೆ ಉರಿಸಿ ಬೆಚ್ಚಗೆ ಮಾಡಿಕೊಳ್ಳುವುದು ಎರಡೂ ಕಾರ್ಬನ್ ಮಾನಾಕ್ಸೈಡಿನಿಂದ ನಿದ್ದೆಯಲ್ಲೇ ಜೀವ ತೆಗೆಯುತ್ತವೆ. ಈ ವ್ಯಾನಿನಲ್ಲಿ ಅದನ್ನು ಪತ್ತೆಹಚ್ಚುವ ಅಲಾರಂ ಇಲ್ಲ. ಬಾಡಿಗೆ ಕೊಡುವ ಗಾಡಿಯಲ್ಲಿ ಅದು ಇರಲೇಬೇಕು. ಸಣ್ಣ ವಸ್ತು, ನೀವೇ ಕೊಂಡು ತಲೆದಿಂಬಿನ ಹತ್ತಿರ ಅಂಟಿಸಿ.

ಕರೆಂಟು ಮತ್ತು ನೀರು

ಕರೆಂಟಿನ ಲೆಕ್ಕದಲ್ಲಿ ಈ ವ್ಯಾನಿಗೆ ಪೂರ್ತಿ ಅಂಕ. ಬ್ಯಾಟರಿಯಲ್ಲಿ ಸುಮಾರು 2,560 ವ್ಯಾಟ್ ಅವರ್ ಹಿಡಿಯುತ್ತದೆ. ಛಾವಣಿಗೆ ಮಟ್ಟಸವಾಗಿ ಕೂತ 400 ವ್ಯಾಟ್ ಪ್ಯಾನೆಲ್ ಅಲ್ಲಿಯ ಡಿಸೆಂಬರ್ ಬಿಸಿಲಿನಲ್ಲಿ ದಿನಕ್ಕೆ 1,200ರಷ್ಟು ಕೊಡುತ್ತದೆ. ಫ್ರಿಜ್ಜಿಗೆ 400, ಫೋನು, ಕ್ಯಾಮೆರಾ, ಲ್ಯಾಪ್‌ಟಾಪಿಗೆ 200, ದೀಪ, ಫ್ಯಾನು, ಪಂಪಿಗೆ 150 ಎಂದುಕೊಂಡರೂ ದಿನದ ಖರ್ಚು 750 ದಾಟುವುದಿಲ್ಲ. ಸಿಲ್ವರ್ ಓಕ್ ನೆರಳಿನಲ್ಲಿ ನಿಲ್ಲಿಸಿದಾಗ ಅರ್ಧವೂ ಸಿಗದ ಅದೇ ಪ್ಯಾನೆಲ್ ಅಲ್ಲಿ ಮಿಗಿಸಿ ಕೊಡುತ್ತದೆ. ಇಂಡಕ್ಷನ್ ಒಲೆ ಮಾತ್ರ ಬೇಡ. ಎರಡು ಹೊತ್ತಿನ ಅಡುಗೆಗೆ ಹತ್ತಿರಹತ್ತಿರ 1,000 ವ್ಯಾಟ್ ಅವರ್ ಹೋಗುತ್ತದೆ, ಉಳಿದೆಲ್ಲ ಲೆಕ್ಕ ತಲೆಕೆಳಗಾಗುತ್ತದೆ. ಪ್ಯಾನೆಲ್ ಮೇಲಿನ ಧೂಳನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಬೆಳಗಿನ ಇಬ್ಬನಿ ಬಿದ್ದಿರುವಾಗ ಒದ್ದೆ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ.

ನಿಜವಾದ ಮಿತಿ ನೀರು. ಬಾವಿ, ತೊರೆಯ ನೀರಿನ ಊರಿನವರಿಗೆ ಇದರ ಅಂದಾಜು ಬರುವುದು ಕಷ್ಟ. ಇಬ್ಬರಿಗೆ ಕುಡಿಯಲು 6–8 ಲೀಟರ್, ಅಡುಗೆ ಮತ್ತು ಪಾತ್ರೆಗೆ 6, ಮೈ ಒರೆಸಿಕೊಳ್ಳಲು 6, ಹೀಗೆ ದಿನಕ್ಕೆ 20 ಲೀಟರಿನ ಆಸುಪಾಸು. ಬಕೆಟ್ ಸ್ನಾನ ಮಾಡಿದರೆ ಒಬ್ಬರಿಗೇ 20 ಲೀಟರ್. ಬಕೆಟ್ ಸ್ನಾನ ಇಲ್ಲದಿದ್ದರೆ 120 ಲೀಟರಿನಲ್ಲಿ ಆರು ದಿನ. ಟಾಯ್ಲೆಟ್ ಕ್ಯಾಸೆಟ್ ಅದಕ್ಕೂ ಮೊದಲೇ, ಮೂರು ನಾಲ್ಕು ದಿನಕ್ಕೆ ತುಂಬುತ್ತದೆ. ಆದ್ದರಿಂದ ನಾಲ್ಕನೇ ದಿನಕ್ಕೊಮ್ಮೆ ಊರಿಗೆ ಬರುವ ಲಯ ಇಟ್ಟುಕೊಳ್ಳಿ. ಜೈಸಲ್ಮೇರ್ ಪಟ್ಟಣಕ್ಕೆ ಇಂದಿರಾ ಗಾಂಧಿ ಕಾಲುವೆಯ ನೀರು ಬರುತ್ತದೆ. ಸುತ್ತಲಿನ ಕೊಳವೆಬಾವಿಗಳ ನೀರು ಅನೇಕ ಕಡೆ ಉಪ್ಪು. ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್ ಜೇಬಿನಲ್ಲಿರಲಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ತನಕ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 2,000 ತನಕ. ಟ್ಯಾಂಕಿಗೆ 1,000 ದಾಟಿದ್ದನ್ನು ತುಂಬಬೇಡಿ. ಗೀಸರಿನ ಕಾಯಿಲ್ ಮತ್ತು ಪಂಪಿನ ವಾಲ್ವಿಗೆ ಬಿಳಿ ಪದರ ಕಟ್ಟುತ್ತದೆ, ರಿಪೇರಿಯ ಬಿಲ್ಲು ಬಾಡಿಗೆದಾರನ ತಲೆಗೆ. ಕುಡಿಯುವ ನೀರು ಬೇರೆಯಾಗಿ 20 ಲೀಟರಿನ ಕ್ಯಾನಿನಲ್ಲಿ ಇರಲಿ.

ಬೆನ್ನಿಗೆ ಬೈಕು

ಈ ಬಾಡಿಗೆ ಸೇವೆಯಲ್ಲಿ ನಮಗೆ ಅತಿ ಹೆಚ್ಚು ಆತಂಕ ಹುಟ್ಟಿಸಿದ್ದು ಹಿಂಬದಿಯ ಕ್ಯಾರಿಯರ್. ಕಬ್ಬಿಣ ಗಟ್ಟಿ, ಬೆಸುಗೆ ಚೊಕ್ಕ, ಬೋಲ್ಟು ನೇರ ಚಾಸಿಗೆ ಬಿಗಿದಿದೆ. ದೋಷ ಇರುವುದು ತೂಕದ ಲೆಕ್ಕದಲ್ಲಿ. ಎಕ್ಸ್‌ಪಲ್ಸ್ 158 ಕೆ.ಜಿ., ಕ್ಯಾರಿಯರ್ 40ರಷ್ಟು, ಒಟ್ಟು 200 ಎಂದುಕೊಳ್ಳಿ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3.7 ಮೀಟರ್, ಬೈಕು ನಿಲ್ಲುವ ಜಾಗ ಹಿಂದಿನ ಆಕ್ಸಲಿಗಿಂತ 1.8 ಮೀಟರ್ ಹಿಂದೆ. ಆಗ ಸನ್ನೆಗೋಲಿನ ಲೆಕ್ಕದಲ್ಲಿ ಹಿಂದಿನ ಆಕ್ಸಲ್ ಮೇಲೆ ಬೀಳುವುದು 200 ಅಲ್ಲ, 297 ಕೆ.ಜಿ. ಮುಂದಿನ ಆಕ್ಸಲಿನಿಂದ 97 ಕೆ.ಜಿ. ಎತ್ತಿಹೋಗುತ್ತದೆ. ಇದರ ಜೊತೆಗೆ ನೀರಿನ ಟ್ಯಾಂಕನ್ನೂ ಮಂಚದ ಕೆಳಗೆ, ಹಿಂದಿನ ಆಕ್ಸಲಿಗಿಂತ ಹಿಂದಕ್ಕೆ ಇಟ್ಟಿದ್ದಾರೆ. ಎರಡೂ ತುಂಬಿದಾಗ ಸ್ಟಿಯರಿಂಗ್ ಹಗುರವಾಗುತ್ತದೆ, ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದುಹೋದರೆ ಗಾಡಿ ಓಲಾಡುತ್ತದೆ, ಹಿಂದಿನ ಟೈರುಗಳು ಕಾಯುತ್ತವೆ.

ಹಾಗಾಗಿ ಹೆದ್ದಾರಿಯಲ್ಲಿ ಟ್ಯಾಂಕಿನಲ್ಲಿ 40 ಲೀಟರಿಗಿಂತ ಹೆಚ್ಚು ನೀರು ಬೇಡ, ಜೈಸಲ್ಮೇರಿಗೆ ಹೋಗಿ ತುಂಬಿಸಿ. ಅಕ್ಕಿ, ಬೇಳೆ, ಟೂಲ್ ಬಾಕ್ಸ್, ಬಿಡಿ ಟೈರು ಎಲ್ಲವನ್ನೂ ಮುಂದಿನ ಬೆಂಚಿನ ಕೆಳಗೆ ಇಡಿ. ಹೊರಡುವ ಮೊದಲು ಎಲ್ಲ ಸಾಮಾನು, ಇಬ್ಬರು ಜನ ಕೂತು ತೂಕದ ಕಾಟಾದಲ್ಲಿ ಎರಡು ಸಲ ತೂಗಿಸಿ, ಒಮ್ಮೆ ಪೂರ್ತಿ ಗಾಡಿ, ಒಮ್ಮೆ ಹಿಂದಿನ ಚಕ್ರ ಮಾತ್ರ. ಕಾಫಿ ಮೂಟೆಯ ಲಾರಿ ತೂಗುವ ಕಾಟಾಗಳು ನಮ್ಮ ಕಡೆ ಬೇಕಾದಷ್ಟಿವೆ. ಗಾಡಿಯ ಪ್ಲೇಟಿನಲ್ಲಿ ಬರೆದ ಆಕ್ಸಲ್ ಮಿತಿಗೂ ಬಂದ ಅಂಕಿಗೂ ಹೋಲಿಸಿ. ಇದೇ ಕಾರಣಕ್ಕೆ 196 ಕೆ.ಜಿ.ಯ ಹಿಮಾಲಯನ್ 450 ಈ ಕ್ಯಾರಿಯರಿಗೆ ಬೇಡ ಎನ್ನುತ್ತೇವೆ. ಬೈಕಿನ 38 ಕೆ.ಜಿ. ಹೆಚ್ಚುವರಿ ತೂಕ ಹಿಂದಿನ ಆಕ್ಸಲಿಗೆ 56 ಆಗಿ ಬೀಳುತ್ತದೆ. ಎರಡು ಬೈಕು ಬೇಕಿದ್ದರೆ ಒಂದನ್ನು ರೈಲಿನ ಪಾರ್ಸೆಲ್‌ನಲ್ಲಿ ಕಳಿಸುವುದು ಸರಿ. ಬೈಕನ್ನು ವ್ಯಾನಿನೊಳಗೆ ಮಂಚದ ಕೆಳಗೆ ನಿಲ್ಲಿಸುವವರೂ ಇದ್ದಾರೆ. ಪೆಟ್ರೋಲ್ ಆವಿ ಇರುವಲ್ಲಿ ಮಲಗುವುದು ಮತ್ತು ಗ್ಯಾಸ್ ಹಚ್ಚುವುದು ಎರಡೂ ಸಲ್ಲದು.

ಬೈಕು ಕಟ್ಟಲು ನಾಲ್ಕು ರ‍್ಯಾಚೆಟ್ ಬೆಲ್ಟು (ಹಿಡಿ ಆಡಿಸಿ ಬಿಗಿಯುವ ಪಟ್ಟಿ) ಬೇಕು, ಬಾಡಿಗೆಯವರು ಎರಡೇ ಕೊಡುತ್ತಾರೆ. ಮುಂದಿನ ಎರಡು ಬೆಲ್ಟು ಹ್ಯಾಂಡಲಿನ ಬುಡದ ಕ್ಲ್ಯಾಂಪಿಗೆ, ಹಿಂದಿನ ಎರಡು ಫುಟ್‌ಪೆಗ್ಗಿನ ಬ್ರಾಕೆಟಿಗೆ. ಮುಂದಿನ ಶಾಕ್ ಮೂರನೇ ಒಂದು ಭಾಗ ಅಮುಕಿದರೆ ಸಾಕು. ಪೂರ್ತಿ ಎಳೆದು ಕಟ್ಟಿ ನಾಲ್ಕು ದಿನ ಓಡಿಸಿದರೆ ಶಾಕಿನ ಆಯಿಲ್ ಸೀಲ್ ಸೋರಬಹುದು. ಮುಂದಿನ ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಒಂದು ಮರದ ತುಂಡು ಇಟ್ಟರೆ ಎಷ್ಟು ಬಿಗಿದರೂ ಶಾಕಿಗೆ ಪೆಟ್ಟಿಲ್ಲ. ಮೊದಲ 30 ಕಿ.ಮೀ. ಆದ ಮೇಲೆ ಒಮ್ಮೆ, ನಂತರ ಪ್ರತಿ ಚಹಾ ನಿಲುಗಡೆಯಲ್ಲಿ ಬೆಲ್ಟು ಮುಟ್ಟಿ ನೋಡಿ. ಸೈಲೆನ್ಸರಿನ ಬಾಯಿ ಮತ್ತು ಏರ್ ಫಿಲ್ಟರಿನ ಬಾಯಿ ಮುಚ್ಚಿಯೇ ಸಾಗಿಸಿ, ವ್ಯಾನಿನ ಹಿಂದಿನ ಧೂಳೆಲ್ಲ ಅದರ ಮೇಲೇ. ಬೈಕು ನಿಂತಾಗ ನಂಬರ್ ಪ್ಲೇಟ್, ಹಿಂದಿನ ದೀಪ ಮುಚ್ಚಿಹೋಗಬಾರದು. ಈ ಕ್ಯಾರಿಯರಿನಲ್ಲಿ ಎಡಗಡೆಯ ಇಂಡಿಕೇಟರ್ ಬೈಕಿನ ಚಕ್ರದ ಮರೆಗೆ ಹೋಗುತ್ತದೆ, ಹೊರಗಡೆ ಇನ್ನೊಂದು ದೀಪ ಹಾಕಿಸಿಕೊಳ್ಳಿ.

ಕೆಸರಿನ ಬೈಕು ಮರಳಿನಲ್ಲಿ

ಎಕ್ಸ್‌ಪಲ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಮ್ಮ ತೋಟದ ದಾರಿಗಳಲ್ಲಿ ಅದನ್ನು ನೋಡದವರಿಲ್ಲ. 199.6 ಸಿಸಿ, ಆಯಿಲ್ ಕೂಲ್ಡ್, 21 ಮತ್ತು 18 ಇಂಚಿನ ಚಕ್ರ, ನೆಲದಿಂದ 220 ಮಿ.ಮೀ. ಎತ್ತರ, ಮುಂದೆ 190, ಹಿಂದೆ 170 ಮಿ.ಮೀ. ಸಸ್ಪೆನ್ಷನ್. 13 ಲೀಟರಿನ ಟ್ಯಾಂಕು. ಮರಳಿನಲ್ಲಿ ಮೈಲೇಜ್ ಲೀಟರಿಗೆ 25ರ ಹತ್ತಿರಕ್ಕೆ ಇಳಿಯುತ್ತದೆ, ಇಡೀ ದಿನದ ಸುತ್ತಾಟಕ್ಕೆ ಅಷ್ಟು ಸಾಕು. ಸುಮಾರು 19 ಅಶ್ವಶಕ್ತಿ ದೊಡ್ಡ ದಿಬ್ಬಗಳಿಗೆ ಕಡಿಮೆಯೇ. ಆದರೆ ಮರಳಿನಲ್ಲಿ ಬಿದ್ದ ಬೈಕನ್ನು ಒಬ್ಬರೇ ಎತ್ತಬೇಕಾದಾಗ ಈ ಹಗುರ ಮೈಯ ಬೆಲೆ ತಿಳಿಯುತ್ತದೆ. 2023ರಿಂದೀಚೆಗಿನ ಮಾದರಿಯಲ್ಲಿ ಎಬಿಎಸ್‌ಗೆ ಮೂರು ಮೋಡ್ ಇವೆ, ಮರಳಿಗೆ ರ‍್ಯಾಲಿ ಮೋಡ್ ಹಾಕಿ.

ಆರೈಕೆಯ ರೂಢಿ ಬದಲಿಸಬೇಕಾದದ್ದು ಚೈನಿನಿಂದ. ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲಿ ಎಂದು ಗೇರ್ ಆಯಿಲ್ ಸುರಿಯುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಆ ಜಿಡ್ಡಿಗೆ ಮರಳು ಅಂಟಿದರೆ ಅದು ಉಜ್ಜುಕಾಗದದ ಕೆಲಸ ಮಾಡುತ್ತದೆ, ಸ್ಪ್ರಾಕೆಟಿನ ಹಲ್ಲು ಒಂದೇ ಪ್ರವಾಸದಲ್ಲಿ ಚೂಪಾಗುತ್ತದೆ. ಹೊರಡುವ ಮೊದಲು ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ, ಒಣ ವ್ಯಾಕ್ಸ್ ಲ್ಯೂಬ್ ತೆಳುವಾಗಿ ಹಚ್ಚಿ. ಅಲ್ಲಿ ದಿನವೂ ಸಂಜೆ ಒಣ ಬ್ರಷ್ಷು, ಮತ್ತೇನೂ ಬೇಡ.

ಏರ್ ಫಿಲ್ಟರ್ ಕಾಗದದ್ದು, ತೊಳೆಯುವಂತಿಲ್ಲ. ಎರಡು ಹೊಸದು ಜೊತೆಗಿರಲಿ. ಫಿಲ್ಟರ್ ಬಾಕ್ಸಿನ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ ಮುಚ್ಚಿದರೆ ನುಸುಳುವ ನುಣ್ಣನೆ ಮರಳು ಗ್ರೀಸಿಗೆ ಅಂಟಿಕೊಳ್ಳುತ್ತದೆ. ಫಿಲ್ಟರ್ ದಾಟಿದ ಮರಳು ಪಿಸ್ಟನ್ ರಿಂಗನ್ನು ತಿನ್ನುತ್ತದೆ. ಎಂಜಿನ್ ಆಯಿಲ್ ಕುಡಿಯಲು ಶುರುಮಾಡಿದರೆ ಕಾರಣ ಬಹುಪಾಲು ಇದೇ.

ಟೈರಿನ ಗಾಳಿ ಇಳಿಸದೆ ಮರಳಿಗೆ ಇಳಿಯಬೇಡಿ. ರಿಮ್ ಲಾಕ್ (ಟೈರು ರಿಮ್ಮಿನ ಮೇಲೆ ಜಾರದಂತೆ ಹಿಡಿಯುವ ಬಿಗಿ) ಹಾಕಿಸಿದ್ದರೆ 12–14 ಪಿಎಸ್‌ಐ. ಇಲ್ಲದಿದ್ದರೆ 16ಕ್ಕಿಂತ ಕೆಳಗೆ ಬೇಡ, ಎಕ್ಸಲರೇಟರ್ ತಿರುವಿದಾಗ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವು ಬುಡಸಮೇತ ಕೀಳುತ್ತದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲಿನ ಮುಚ್ಚಳದ ಹತ್ತಿರಕ್ಕೆ ತಿರುಗಿಸಿಡಿ. ವಾಲ್ವು ವಾಲಿದ್ದು ಕಂಡರೆ ಟೈರು ಜಾರುತ್ತಿದೆ ಎಂದು ಅರ್ಥ. ಪಂಚರ್ ಮರಳಿನಿಂದಲ್ಲ, ಮುಳ್ಳಿನಿಂದ. ನಮ್ಮ ಬಯಲುಸೀಮೆಯಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯೇ ಅಲ್ಲೂ ದಾರಿಯುದ್ದಕ್ಕೂ ಇದೆ. 21 ಇಂಚಿನ ಟ್ಯೂಬ್ ಎರಡು, 18ರದ್ದು ಒಂದು, ಟೈರ್ ಲಿವರ್ ಮೂರು, ಪ್ಯಾಚ್, ಕೈಪಂಪು ಇಷ್ಟು ಇರಲಿ. ತೀರಾ ಅವಸರಕ್ಕೆ 21ರ ಟ್ಯೂಬನ್ನು 18ರ ಟೈರಿನೊಳಗೆ ಹಾಕಿ ವ್ಯಾನಿನ ತನಕ ಬರಬಹುದು.

ಓಡಿಸುವ ಕೈಯೂ ಬದಲಾಗಬೇಕು. ಜಾರುವ ಕೆಮ್ಮಣ್ಣಿನ ಏರಿನಲ್ಲಿ ನಾವು ನಿಧಾನವಾಗಿ, ಅರ್ಧ ಕ್ಲಚ್ಚಿನಲ್ಲಿ, ಮುಂದಿನ ಚಕ್ರಕ್ಕೆ ಭಾರ ಕೊಟ್ಟು ಹೋಗುತ್ತೇವೆ. ಮರಳಿನಲ್ಲಿ ಇದನ್ನೇ ಮಾಡಿದರೆ ಮುಂದಿನ ಚಕ್ರ ಹೂತು ಸವಾರ ಹ್ಯಾಂಡಲಿನ ಮೇಲಿಂದ ಹಾರುತ್ತಾನೆ. ನಿಂತು ಓಡಿಸಿ, ಮೈಯನ್ನು ಹಿಂದಕ್ಕೆ ಇಡಿ, ಎಕ್ಸಲರೇಟರ್ ಒಂದೇ ಸಮ ತೆರೆದಿರಲಿ. ಹ್ಯಾಂಡಲ್ ಆಡಿದರೆ ಆಡಲಿ, ಬಿಗಿಹಿಡಿಯಬೇಡಿ. ನಿಲ್ಲಿಸುವಾಗ ಮುಂದಿನ ಬ್ರೇಕ್ ಮುಟ್ಟದೆ ಎಕ್ಸಲರೇಟರ್ ಬಿಟ್ಟರೆ ಸಾಕು, ಮರಳೇ ಹಿಡಿಯುತ್ತದೆ. ನಿಲ್ಲುವುದು ಯಾವಾಗಲೂ ಇಳಿಜಾರಿಗೆ ಮುಖ ಮಾಡಿ. ಚಕ್ರ ಹೂತರೆ ಕ್ಲಚ್ಚು ಸುಡಬೇಡಿ. ಬೈಕನ್ನು ಪಕ್ಕಕ್ಕೆ ಮಲಗಿಸಿ, ಗುಂಡಿಗೆ ಮರಳು ತಳ್ಳಿ, ಎತ್ತಿ ನಿಲ್ಲಿಸಿ, ಪಕ್ಕದಲ್ಲಿ ನಡೆಯುತ್ತ ಒಂದನೇ ಗೇರಿನಲ್ಲಿ ಹೊರತನ್ನಿ. ಸುಟ್ಟ ಕ್ಲಚ್ ಪ್ಲೇಟು ಮರಳುಗಾಡಿನಲ್ಲಿ ಪ್ರವಾಸ ಮುಗಿಸುವ ಒಂದು ದೊಡ್ಡ ಕಾರಣ, ಒಂದು ಸೆಟ್ ಜೊತೆಗೆ ಒಯ್ಯಿರಿ.

ಥಾರ್‌ನಲ್ಲಿ ಬೇಸಿಗೆಯ ಜೋರುಗಾಳಿ ನೈರುತ್ಯದಿಂದ ಬೀಸುತ್ತದೆ. ಹಾಗಾಗಿ ದಿಬ್ಬಗಳ ನೈರುತ್ಯದ ಮೈ ಹೆಚ್ಚಾಗಿ ಓರೆ, ಈಶಾನ್ಯದ ಮೈ 30 ಡಿಗ್ರಿಗೂ ಮೀರಿದ ಕಡಿದಾದ ಜಾರು. ನೆತ್ತಿಗೆ ಬರುವ ಮೊದಲು ವೇಗ ತಗ್ಗಿಸಿ ಆಚೆ ನೋಡಿಯೇ ದಾಟಿ. ಬೆಳಿಗ್ಗೆ ಒಂಬತ್ತರ ಒಳಗೆ ಇಬ್ಬನಿ ಹೀರಿದ ಮರಳು ಗಟ್ಟಿಯಾಗಿರುತ್ತದೆ, ಕಲಿಯುವವರಿಗೆ ಅದೇ ಹೊತ್ತು. ಮಧ್ಯಾಹ್ನದ ಬಿಡಿ ಮರಳಿನಲ್ಲಿ ಎಂಜಿನ್ ಬೇಗ ಕಾಯುತ್ತದೆ.

ಎಲ್ಲಿ ನಿಲ್ಲುವುದು, ಎಲ್ಲಿ ಓಡಿಸಬಾರದು

ವ್ಯಾನನ್ನು ಮರಳಿಗೆ ಇಳಿಸುವ ಆಸೆ ಬೇಡವೇ ಬೇಡ. ಹಿಂದಿನ ಚಕ್ರಕ್ಕೆ ಮಾತ್ರ ಬಲವಿರುವ ಭಾರದ ಗಾಡಿ, ಹೂತರೆ ಟ್ರ್ಯಾಕ್ಟರೇ ಗತಿ. ಗಟ್ಟಿ ಜಲ್ಲಿ ನೆಲದಲ್ಲಿ ನಿಲ್ಲಿಸಿ, ದಿಬ್ಬಕ್ಕೆ ಬೈಕಿನಲ್ಲಿ ಹೋಗಿ. ಜೈಸಲ್ಮೇರಿನಿಂದ 40 ಕಿ.ಮೀ. ದೂರದ ಸಮ್‌ನಲ್ಲಿ ಒಂಟೆ, ಜೀಪು, ರಾತ್ರಿಯ ಮೈಕು ಎಲ್ಲ ಸೇರಿ ಗದ್ದಲ. 50 ಕಿ.ಮೀ. ದೂರದ ಖುರಿ ಶಾಂತ. ಎರಡೂ ಕಡೆ ಟೆಂಟ್ ಕ್ಯಾಂಪಿನವರು ತಮ್ಮ ಅಂಗಳದಲ್ಲಿ ವ್ಯಾನು ನಿಲ್ಲಿಸಲು ದುಡ್ಡು ತೆಗೆದುಕೊಂಡು ಒಪ್ಪುತ್ತಾರೆ, ನೀರು ಮತ್ತು ಟಾಯ್ಲೆಟ್ ಖಾಲಿ ಮಾಡುವ ಜಾಗವನ್ನೂ ಸೇರಿಸಿ ಮೊದಲೇ ಮಾತಾಡಿ.

ಬರಿ ಬಯಲು ಕಂಡಲ್ಲೆಲ್ಲ ಚಕ್ರ ಇಳಿಸಬೇಡಿ. ಬಂಡೆಯ ಇಳಿಜಾರಿನ ಕೆಳಗೆ, ಮಣ್ಣಿನ ಏರಿ ಹಾಕಿದ ಸಪಾಟು ನೆಲ ಖಡೀನ್ ಆಗಿರುತ್ತದೆ. ಮಳೆನೀರನ್ನು ನಿಲ್ಲಿಸಿ ಇಂಗಿಸಿ, ಚಳಿಗಾಲದಲ್ಲಿ ಗೋಧಿ, ಕಡಲೆ ಬೆಳೆಯುವ ಹೊಲ ಅದು. ಮರಗಿಡ ಉಳಿದಿರುವ ಓರಣ್‌ಗಳು ನಮ್ಮ ದೇವರಕಾಡಿನಂತೆ ದೇವರ ಹೆಸರಿನಲ್ಲಿ ಊರವರು ಕಾಯುವ ಜಾಗ. ದೇವರಕಾಡಿನೊಳಗೆ ಬೈಕು ನುಗ್ಗಿಸುವವರನ್ನು ನಾವು ಹೇಗೆ ನೋಡುತ್ತೇವೋ ಅಲ್ಲಿಯವರೂ ಹಾಗೇ ನೋಡುತ್ತಾರೆ. ಡೆಸರ್ಟ್ ನ್ಯಾಷನಲ್ ಪಾರ್ಕ್ ಅಳಿವಿನಂಚಿನ ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ನೆಲೆ, ಅಲ್ಲಿ ದಾರಿ ಬಿಟ್ಟು ಓಡಿಸುವುದು ಅಪರಾಧ. ಪೋಖ್ರಾನ್ ಸುತ್ತಲಿನ ಸೇನೆಯ ಫೈರಿಂಗ್ ರೇಂಜಿನ ಬೋರ್ಡು ಕಂಡರೆ ಹಿಂದಿರುಗಿ, ಗಡಿಯ ಕಡೆಗೆ ಹೋಗುವ ಮುನ್ನ ಜಿಲ್ಲಾಡಳಿತದಲ್ಲಿ ಅನುಮತಿಯ ವಿಷಯ ಕೇಳಿ.

ವಾಪಸು ಬರುವಾಗ ಕಛ್ ನೋಡಿಕೊಂಡು ಬರುವವರಿಗೆ ಒಂದು ಎಚ್ಚರಿಕೆ. ಅಲ್ಲಿಯ ಉಪ್ಪಿನ ಬಯಲಾದ ರಣ್‌ನ ಉಪ್ಪಿನ ಹೊದಿಕೆ ಮೇಲೆ ಗಟ್ಟಿ, ಕೆಳಗೆ ಕೆಸರು. ಡಿಸೆಂಬರಿನಲ್ಲಿ ಮಳೆಗಾಲದ ನೀರು ಪೂರ್ತಿ ಆರಿರುವುದಿಲ್ಲ. ಬೈಕಿನ ಚಕ್ರ ಹೊದಿಕೆ ಒಡೆದು ಇಳಿದರೆ ಎಳೆದು ತೆಗೆಯಲು ಆಧಾರವೇ ಸಿಗದು.

ಬಾಡಿಗೆ ಕಾಗದ

ಕೊಡುವವರ ನಡವಳಿಕೆ ಒಳ್ಳೆಯದು, ಫೋನಿಗೆ ಸಿಗುತ್ತಾರೆ, ಗ್ಯಾಸ್, ಇನ್ವರ್ಟರ್, ಕ್ಯಾಸೆಟ್ ಎಲ್ಲವನ್ನೂ ತಾಳ್ಮೆಯಿಂದ ತೋರಿಸಿಕೊಡುತ್ತಾರೆ. ಆದರೂ ಕೀಲಿ ಪಡೆಯುವ ಮೊದಲು ಆರ್‌ಸಿಯಲ್ಲಿ ಗಾಡಿಯ ವರ್ಗ ಕ್ಯಾಂಪರ್ ವ್ಯಾನ್ ಎಂದೇ ಇದೆಯೇ ನೋಡಿ. ಪ್ಯಾಸೆಂಜರ್ ಗಾಡಿಯ ಆರ್‌ಸಿ ಇಟ್ಟುಕೊಂಡು ಒಳಗೆ ಮಂಚ ಕೂರಿಸಿದ್ದರೆ ಅಪಘಾತದಲ್ಲಿ ವಿಮೆ ಕೈಬಿಡಬಹುದು. ತಾವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಲೈಸೆನ್ಸಿನ ಚಿಂತೆ ಬೇಡ, 7,500 ಕೆ.ಜಿ. ಒಳಗಿನ ಸಾರಿಗೆ ಗಾಡಿಗೂ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ದಿನದ ಕಿ.ಮೀ. ಮಿತಿಯನ್ನು ಇಡೀ ತಿಂಗಳಿಗೆ ಸರಾಸರಿ ಮಾಡಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಎಂಟು ದಿನದ ಹೆದ್ದಾರಿಗೆ ದಂಡ ಕಟ್ಟಿ, ನಿಂತ ದಿನಗಳ ಕಿ.ಮೀ. ಕಳೆದುಕೊಳ್ಳುತ್ತೀರಿ.

ಹಿಂದಿರುಗಿದ ಮೇಲೆ ವ್ಯಾನನ್ನು ಹಾಗೇ ಒಪ್ಪಿಸಬೇಡಿ. ಉಪ್ಪು ಬೆರೆತ ಧೂಳು ಚಾಸಿಯ ಸಂದಿಗಳಲ್ಲಿ, ಬ್ರೇಕ್ ಪೈಪಿನ ಕ್ಲಿಪ್ಪುಗಳಲ್ಲಿ ಕೂತಿರುತ್ತದೆ. ಒಣಗಿದ್ದಷ್ಟು ದಿನ ಅದು ಸುಮ್ಮನಿರುತ್ತದೆ, ಕೊಡಗಿನ ತೇವ ತಾಗಿದ ಕೂಡಲೇ ತುಕ್ಕು ಎಬ್ಬಿಸುತ್ತದೆ. ಊರು ಮುಟ್ಟುವ ಮೊದಲೇ ಹೆದ್ದಾರಿ ಬದಿಯ ಸರ್ವಿಸ್ ಸ್ಟೇಷನ್ನಿನಲ್ಲಿ ಗಾಡಿಯನ್ನು ಎತ್ತಿಸಿ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಬೈಕಿನ ಚಕ್ರದ ಬೇರಿಂಗ್, ಸ್ವಿಂಗ್ ಆರ್ಮಿನ ಬುಶ್, ಸ್ಟಿಯರಿಂಗ್ ಕೋನ್ ಬಿಚ್ಚಿಸಿ ಹೊಸ ಗ್ರೀಸ್ ತುಂಬಿಸಿ, ಚೈನಿಗೆ ಮತ್ತೆ ಎಣ್ಣೆ ಬಿಡಿ. ಹಿಂಬಾಗಿಲಿನ ಕೆಳಗೆ ಅಂಟಿಸಿದ ರಬ್ಬರನ್ನೂ ಕಿತ್ತುಬಿಡಿ. ಅದು ಅಲ್ಲೇ ಉಳಿದರೆ ಮಳೆನೀರು ಹರಿದುಹೋಗಲು ಜಾಗವಿಲ್ಲದೆ ಬಾಗಿಲಿನ ಒಳಗೇ ನಿಲ್ಲುತ್ತದೆ.